ಹಸಿವು ತಗ್ಗಿಸುವ ಔಷಧಿಗೂ ಕನಸಿಗೂ ಏನು ಸಂಬಂಧ?

ತೂಕ ಇಳಿಸಲು ಹಸಿವು ತಗ್ಗಿಸುವ ಔಷಧಿ ತೆಗೆದುಕೊಳ್ಳುವ ಕೆಲವರಿಗೆ ವಿಚಿತ್ರ ಕನಸುಗಳು ಬೀಳುವುದುಂಟು. ಖಾಲಿ ಹೊಟ್ಟೆಯಲ್ಲಿ ಮಲಗಿದ್ದರಿಂದ ಹೀಗಾಯಿತು ಎಂದುಕೊಳ್ಳುವುದು ಸಹಜ. ಆದರೆ ಕಾರಣವನ್ನು ನಾವು ಹೊಟ್ಟೆಗಿಂತ ಹೆಚ್ಚಾಗಿ ಮಿದುಳಿನಲ್ಲಿ ಹುಡುಕಬೇಕು.

ಕನಸಿನ ಹೊತ್ತು

ನಿದ್ರೆಯಲ್ಲಿ ಹಲವು ಹಂತಗಳಿವೆ. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಸರಸರನೆ ಓಡಾಡುವ ಹಂತಕ್ಕೆ ರೆಮ್ ನಿದ್ರೆ ಎಂದು ಹೆಸರು. ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ಇದನ್ನು ಪ್ರಕಟಿಸಿದರು. ವಯಸ್ಕರ ನಿದ್ರೆಯಲ್ಲಿ ಇದರ ಪಾಲು ಸುಮಾರು ಶೇ 20ರಿಂದ 25. ಕಣ್ಣಿಗೆ ಕಟ್ಟುವಂಥ ಕನಸುಗಳು ಹೆಚ್ಚಾಗಿ ಬೀಳುವುದು ಈ ಹೊತ್ತಿನಲ್ಲೇ.

ಔಷಧಿ ಏನು ಮಾಡುತ್ತದೆ?

ಹಿಂದೆ ತೂಕ ಇಳಿಸಲು ಬಹಳ ಬಳಕೆಯಲ್ಲಿದ್ದ ಆಂಫೆಟಮಿನ್, ಮಿದುಳಿನಲ್ಲಿ ನಾರ್‌ಅಡ್ರಿನಾಲಿನ್ ಮತ್ತು ಡೋಪಮಿನ್‌ಗಳ ಪ್ರಭಾವ ಹೆಚ್ಚಿಸುತ್ತದೆ. ಹಸಿವು ಅಡಗುತ್ತದೆ, ನಿದ್ರೆಯೂ ಕೆಡುತ್ತದೆ, ರೆಮ್ ನಿದ್ರೆ ಕಡಿಮೆಯಾಗುತ್ತದೆ. ಅಮೆರಿಕದಲ್ಲಿ 1959ರಲ್ಲಿ ಒಪ್ಪಿಗೆ ಪಡೆದ ಫೆಂಟರ್ಮಿನ್ ಆಂಫೆಟಮಿನ್‌ನ ಹತ್ತಿರದ ಸಂಬಂಧಿ. ನಿದ್ರೆಗೆಡಿಸುತ್ತದೆಂದೇ ಅದನ್ನು ಸಂಜೆ ತಡವಾಗಿ ತೆಗೆದುಕೊಳ್ಳಬಾರದು ಎನ್ನುತ್ತಾರೆ.

ನಿಲ್ಲಿಸಿದ ಮೇಲೆ ಇನ್ನೊಂದು ಕಥೆ

ಬಹುಕಾಲ ಬಳಸಿದ ಆಂಫೆಟಮಿನ್ ಬಿಟ್ಟಾಗ, ತಪ್ಪಿಹೋದ ರೆಮ್ ನಿದ್ರೆಯನ್ನು ಮಿದುಳು ಸಾಲ ವಸೂಲಿ ಮಾಡುವಂತೆ ಹೆಚ್ಚಾಗಿ ಪಡೆದುಕೊಳ್ಳುತ್ತದೆ. ಆಗ ನಿಚ್ಚಳವಾದ, ಹಿತವಲ್ಲದ ಕನಸುಗಳು ಬೀಳಬಹುದು. ಜೊತೆಗೆ ಆಯಾಸ, ಮಂಕು, ಅತಿ ಹಸಿವು. ಇದು ಕೆಟ್ಟ ಶಕುನವೂ ಅಲ್ಲ, ಹುಚ್ಚಿನ ಲಕ್ಷಣವೂ ಅಲ್ಲ. ಹೆದರಿ ಮತ್ತೆ ಮಾತ್ರೆ ನುಂಗಿದರೆ ಮಾತ್ರ ಚಟ ಬಿಗಿಯಾಗುತ್ತದೆ.

ಎಲ್ಲ ಔಷಧಿಗಳೂ ಒಂದೇ ಅಲ್ಲ

ತೂಕ ಇಳಿಸಲು ನಾಲ್ಟ್ರೆಕ್ಸೋನ್ ಜೊತೆ ಕೊಡುವ ಬ್ಯುಪ್ರೊಪಿಯಾನ್‌ನ ಅಡ್ಡಪರಿಣಾಮಗಳಲ್ಲಿ ನಿದ್ರಾಹೀನತೆ ಮತ್ತು ಅಸಹಜ ಕನಸುಗಳೂ ಸೇರಿವೆ. ಈಗ ಹೆಸರುವಾಸಿಯಾಗಿರುವ ಸೆಮಾಗ್ಲುಟೈಡ್ ಉತ್ತೇಜಕವಲ್ಲ. ಅದು ಕರುಳಿನ ಹಾರ್ಮೋನ್ ಒಂದನ್ನು ಅನುಕರಿಸುತ್ತದೆ. ಅದರಿಂದ ವಾಕರಿಕೆ, ಭೇದಿ ಉಂಟಾಗಿ ನಡುರಾತ್ರಿ ಎಚ್ಚರವಾದರೆ ಕನಸುಗಳು ಹೆಚ್ಚು ನೆನಪಿನಲ್ಲಿ ಉಳಿಯಬಹುದು. ರೆಮ್ ನಿದ್ರೆಯ ನಡುವೆ ಎದ್ದವರಿಗೆ ಕನಸು ಚೆನ್ನಾಗಿ ನೆನಪಿರುತ್ತದೆ.

ನಾವೇನು ಮಾಡಬೇಕು?

ಕನಸಿಗೆ ಹೆದರಿ ಔಷಧಿಯನ್ನು ನಾವಾಗಿಯೇ ನಿಲ್ಲಿಸುವುದಾಗಲಿ, ಮತ್ತೆ ಶುರು ಮಾಡುವುದಾಗಲಿ ಬೇಡ. ಔಷಧಿಯ ಹೆಸರು, ತೆಗೆದುಕೊಳ್ಳುವ ಹೊತ್ತು, ಕನಸು ಶುರುವಾದ ದಿನ ಬರೆದಿಟ್ಟು ವೈದ್ಯರಿಗೆ ತೋರಿಸೋಣ. ಹೊತ್ತು ಅಥವಾ ಪ್ರಮಾಣ ಬದಲಿಸಿದರೆ ಸರಿಹೋಗಬಹುದು. ಮನಸ್ಸು ತೀರಾ ಕುಗ್ಗಿದರೆ, ಸಾಯುವ ಯೋಚನೆ ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು.