ಗಂಡು ಬೆಕ್ಕಿನ ಮೂತ್ರಕಟ್ಟು: ಶಸ್ತ್ರಚಿಕಿತ್ಸೆ ನಡೆದುಬಂದ ದಾರಿ

ಮೂತ್ರಕೋಶದಿಂದ ಮೂತ್ರವನ್ನು ಹೊರಸಾಗಿಸುವ ಮೂತ್ರನಾಳವು ಗಂಡು ಬೆಕ್ಕಿನಲ್ಲಿ ಹೊರಗೆ ಬರುತ್ತ ಬರುತ್ತ ಕಿರಿದಾಗುತ್ತದೆ. ಶಿಶ್ನದ ಬುಡದಲ್ಲಿರುವ ಬಲ್ಬೋಯುರೆಥ್ರಲ್ ಎಂಬ ಜೋಡಿ ಗ್ರಂಥಿಗಳ ಬಳಿ ಸುಮಾರು 1.3 ಮಿ.ಮೀ. ಇರುವ ಅದರ ಒಳವ್ಯಾಸ ಶಿಶ್ನದೊಳಗೆ 0.7 ಮಿ.ಮೀ.ಗೆ ಇಳಿಯುವುದರಿಂದ, ಹೆಣ್ಣು ಬೆಕ್ಕಿನಲ್ಲಿ ಸುಲಭವಾಗಿ ಹೊರಬೀಳುವ ಸಣ್ಣ ಹರಳುಗಳೂ ಲೋಳೆಯೂ ಇಲ್ಲಿ ಬಿರಡೆಯಂತೆ ಕೂತುಬಿಡುತ್ತವೆ. ಮೂತ್ರ ಪೂರ್ತಿ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಹೃದಯದ ಲಯ ಕೆಟ್ಟು, ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ. ಕ್ಯಾತಿಟರ್ ಎಂಬ ಸಣ್ಣ ಕೊಳವೆ ತೂರಿಸಿ ಅಡ್ಡಿ ತೆಗೆಯುವುದು ಮೊದಲ ಉಪಾಯವಾದರೆ, ಅದಕ್ಕೆ ಬಗ್ಗದ ಅಥವಾ ಮತ್ತೆ ಮತ್ತೆ ಕಟ್ಟುವ ಬೆಕ್ಕುಗಳಿಗಾಗಿ ಶಸ್ತ್ರಚಿಕಿತ್ಸೆ ಬೆಳೆದು ಬಂತು.

1955ರಲ್ಲಿ ಪಶುವೈದ್ಯ ಮೆಕಲ್ಲಿ ವಿವರಿಸಿದ ವಿಧಾನದಲ್ಲಿ ನಾಳವನ್ನು ಜಘನಾಸ್ಥಿಯ ಮುಂದೆ, ಹೊಟ್ಟೆಯ ಕೆಳಭಾಗದಲ್ಲಿ ಹೊರಕ್ಕೆ ತೆರೆಯಲಾಗುತ್ತಿತ್ತು. ಪ್ರಾಣ ಉಳಿದರೂ ಸುತ್ತಲಿನ ಚರ್ಮ ಮೂತ್ರದಿಂದ ಬೇಯುವ ಕಷ್ಟ ಅದಕ್ಕಿತ್ತು. 1963ರಲ್ಲಿ ಕಾರ್ಬೋನ್ ಗುದದ ಕೆಳಗಿನ ಜಾಗದಲ್ಲೇ ಬಾಯಿ ತೆರೆಯುವ ಪೆರಿನಿಯಲ್ ಯುರೆಥ್ರಾಸ್ಟಮಿಯನ್ನು ಪ್ರಕಟಿಸಿದರು. ಆದರೆ ಇಂದಿಗೂ ಕಲಿಸಲಾಗುವ ರೂಪ ದೊರೆತದ್ದು 1971ರ ವಿಲ್ಸನ್ ಮತ್ತು ಹ್ಯಾರಿಸನ್ ಅವರ ಲೇಖನದಿಂದ. ಶಿಶ್ನವನ್ನು ಸೊಂಟದ ಎಲುಬಿಗೆ ಬಿಗಿದ ಸ್ನಾಯುಗಳನ್ನೂ ಅಸ್ಥಿರಜ್ಜುವನ್ನೂ ಕತ್ತರಿಸಿ, ನಾಳವನ್ನು ಆ ಜೋಡಿ ಗ್ರಂಥಿಗಳವರೆಗೆ ಬಿಡಿಸಿ, ಮೇಲ್ಮೈಯಲ್ಲಿ ಉದ್ದಕ್ಕೆ ಸೀಳಿ, ಒಳಪೊರೆಯನ್ನು ಚರ್ಮಕ್ಕೆ ಹೊಲಿದು, ಕಿರಿದಾದ ತುದಿಯನ್ನು ತೆಗೆದುಹಾಕುವುದು ಅದರ ಕ್ರಮ. ಹೊಸ ಉಪಕರಣವೇನೂ ಇಲ್ಲದ ಈ ವಿಧಾನದ ಹಿರಿಮೆಯೆಲ್ಲ ಇರುವುದು ನಾಳ ಎಲ್ಲಿ ಅಗಲವಾಗಿದೆಯೆಂದು ಸರಿಯಾಗಿ ಗುರುತಿಸಿದ್ದರಲ್ಲಿ. ಗ್ರಂಥಿಗಳವರೆಗೆ ಹೋಗದೆ ನಡುವೆಯೇ ನಿಂತ ಕೈ ಹೊಲಿದ ಬಾಯಿ ಗಾಯ ಮಾಯುತ್ತ ಮತ್ತೆ ಮುಚ್ಚಿಕೊಳ್ಳುತ್ತದೆ.

ಮುಂದಿನ ತಿರುವು ಬಂದದ್ದು ಆಹಾರದಿಂದ. ಮೆಗ್ನೀಸಿಯಂ ಕಡಿಮೆಯಿದ್ದು ಮೂತ್ರವನ್ನು ಆಮ್ಲೀಯಗೊಳಿಸುವ ಆಹಾರಗಳು ಬಂದ ಮೇಲೆ ಮೆಗ್ನೀಸಿಯಂನಿಂದಾಗುವ ಸ್ಟ್ರುವೈಟ್ ಹರಳುಗಳು ಇಳಿದವು, ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಏರಿದವು. 1980ರಿಂದ 1999ರವರೆಗಿನ ಉತ್ತರ ಅಮೆರಿಕದ ಬೋಧನಾ ಆಸ್ಪತ್ರೆಗಳ ದಾಖಲೆಗಳಲ್ಲಿ ಈ ಶಸ್ತ್ರಚಿಕಿತ್ಸೆಯ ಪ್ರಮಾಣವೂ ತಗ್ಗಿದ್ದು ಕಂಡಿತು. ನಾಳ ಮೊಟಕಾದಾಗ ಸೋಂಕು ಮೇಲೇರುವುದು ಸುಲಭವೆಂಬ ಅರಿವೂ ವೈದ್ಯರ ಕೈ ತಡೆದಿರಬೇಕು. ಓಹಾಯೋದ ಪಶುವೈದ್ಯ ಟೋನಿ ಬಫಿಂಗ್ಟನ್ ಮತ್ತವರ ಸಂಗಡಿಗರು ಒತ್ತಡಕ್ಕೂ ಕಾರಣ ತಿಳಿಯದ ಮೂತ್ರಕೋಶದ ಉರಿಯೂತಕ್ಕೂ ಇರುವ ನಂಟನ್ನು ತೋರಿಸಿದ ನಂತರ, ಶಸ್ತ್ರಚಿಕಿತ್ಸೆ ದಾರಿಯನ್ನು ಅಗಲಿಸುತ್ತದೆಯೇ ಹೊರತು ಮೂತ್ರಕೋಶದ ಕಾಯಿಲೆಯನ್ನು ವಾಸಿಮಾಡುವುದಿಲ್ಲ ಎಂಬುದು ಸ್ಪಷ್ಟವಾಯಿತು. ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನ ಮನೆಯಲ್ಲಾಗಲಿ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಾಗಲಿ ಒಳಗೇ ಬೆಳೆದು, ಒಣ ಆಹಾರ ತಿಂದು, ನೀರು ಕಡಿಮೆ ಕುಡಿದು ಮೈ ಬೆಳೆಸಿದ ಗಂಡು ಬೆಕ್ಕಿಗೆ ಮೂತ್ರ ಕಟ್ಟುವ ಅಪಾಯ ಒಂದೇ ಬಗೆಯದು.

ಹಾಗೆಂದು ಶಸ್ತ್ರಚಿಕಿತ್ಸೆಯ ಬೆಳವಣಿಗೆ ನಿಲ್ಲಲಿಲ್ಲ. ನಾಳಕ್ಕೆ ಆದ ಗಾಯ ಇನ್ನೂ ಮೇಲಿದ್ದರೆ, ಸೊಂಟದ ಎಲುಬಿನ ಹಿಂಭಾಗದ ತುಣುಕನ್ನು ತೆಗೆದು ಒಳಗಿನ ಅಗಲವಾದ ಭಾಗವನ್ನೇ ಬಳಸುವ ಟ್ರಾನ್ಸ್‌ಪೆಲ್ವಿಕ್ ವಿಧಾನವನ್ನು 2004ರಲ್ಲಿ ಬರ್ನಾರ್ಡ್ ಮತ್ತು ವಿಗ್ಯೇ 11 ಬೆಕ್ಕುಗಳಲ್ಲಿ ವರದಿ ಮಾಡಿದರು. ಪೆರಿನಿಯಲ್, ಟ್ರಾನ್ಸ್‌ಪೆಲ್ವಿಕ್, ಜಘನಾಸ್ಥಿಯ ಮುಂದಿನದು ಎಂಬ ಮೂರನ್ನೂ 56 ಬೆಕ್ಕುಗಳಲ್ಲಿ ಹೋಲಿಸಿದ ಅಧ್ಯಯನ 2021ರಲ್ಲಿ ಅಚ್ಚಾಯಿತು.

ಇನ್ನೊಂದೆಡೆ, ಚಿಕಿತ್ಸೆಯ ಖರ್ಚು ಭರಿಸಲಾಗದ ಮನೆಗಳ ಬೆಕ್ಕುಗಳಿಗೆ ದಯಾಮರಣವೇ ಗತಿಯೆಂಬಂತಿದ್ದಾಗ 2010ರಲ್ಲಿ ಕೂಪರ್ ಮತ್ತಿತರರು ಕ್ಯಾತಿಟರ್ ಇಲ್ಲದ ಕ್ರಮವೊಂದನ್ನು ಪ್ರಕಟಿಸಿದರು: ನೋವು ಮತ್ತು ಆತಂಕ ಶಮನಗೊಳಿಸುವ ಔಷಧ ಕೊಟ್ಟು, ಸೂಜಿಯಿಂದ ಮೂತ್ರಕೋಶವನ್ನು ಬರಿದುಮಾಡಿ, ಗದ್ದಲವಿಲ್ಲದ ಜಾಗದಲ್ಲಿಟ್ಟ 15 ಬೆಕ್ಕುಗಳ ಪೈಕಿ 11 ಮೂರು ದಿನಗಳೊಳಗೆ ತಾವಾಗಿಯೇ ಮೂತ್ರ ಮಾಡಿದವು.