ಹಳೆಯ ಜೀಪು: ಬಣ್ಣದ ಕೆಳಗಿನ ಇತಿಹಾಸ

ಯುದ್ಧಕಾಲದ ಜೀಪೊಂದು ಮಾರಾಟಕ್ಕಿದೆ ಎಂದು ಭಾವಿಸೋಣ. ಮೈಗೆಲ್ಲ ಹೊಳೆಯುವ ಹಸಿರು ಬಣ್ಣ, ಬಾನೆಟ್ಟಿನ ಮೇಲೆ ಬಿಳಿಯ ನಕ್ಷತ್ರ, ಸೀಟುಗಳಿಗೆ ಹೊಸ ರೆಕ್ಸಿನ್. ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ: "ಇದು 1942ರ ಮಿಲಿಟರಿ ಜೀಪು ಸ್ವಾಮಿ, ಬರ್ಮಾ ಯುದ್ಧ ಕಂಡ ಗಾಡಿ." ಹತ್ತಿರ ಹೋಗಿ ನೋಡಿದರೆ ಬಣ್ಣ ಅಲ್ಲಲ್ಲಿ ಉಬ್ಬಿದೆ, ಬೆಸುಗೆ ಒರಟಾಗಿದೆ, ದೀಪಗಳು ಒಂದಕ್ಕೊಂದು ಹೊಂದುವುದಿಲ್ಲ. ದುರಸ್ತಿ ಚೆನ್ನಾಗಿ ಆಗಿಲ್ಲ ಎಂಬುದು ಯಾರಿಗಾದರೂ ತಿಳಿಯುತ್ತದೆ. ಹಾಗಾದರೆ ಇದನ್ನು ಕೊಳ್ಳಬಹುದೆ, ಬಾರದೆ?

ಇದು ಗ್ಯಾರೇಜಿನವರು ಉತ್ತರಿಸಬೇಕಾದ ಪ್ರಶ್ನೆ, ಇತಿಹಾಸದ ಪುಟದಲ್ಲಿ ಇದಕ್ಕೇನು ಕೆಲಸ ಎಂದು ನೀವು ಕೇಳಬಹುದು. ಆದರೆ ಮಾರುವವರು ಇಲ್ಲಿ ಬೆಲೆ ಕಟ್ಟುತ್ತಿರುವುದು ಬರಿಯ ಕಬ್ಬಿಣಕ್ಕಲ್ಲ, "1942" ಎಂಬ ಮಾತಿಗೆ. ಆ ಮಾತು ನಿಜವೇ ಎಂದು ತೀರ್ಮಾನಿಸುವುದು ಇತಿಹಾಸದ ಕೆಲಸವೇ ಆಗಿದೆ. ಒಂದು ಶಾಸನದ ಕಾಲವನ್ನು ಲಿಪಿಯಿಂದ ನಿರ್ಣಯಿಸುವಂತೆ, ಒಂದು ಜೀಪಿನ ಕಾಲವನ್ನೂ ಅದರ ಮೈಮೇಲಿನ ಗುರುತುಗಳಿಂದ ನಿರ್ಣಯಿಸಬೇಕಾಗುತ್ತದೆ. ಅದಕ್ಕೆ ಮೊದಲು ಆ ವಾಹನ ಹುಟ್ಟಿದ ಬಗೆಯನ್ನು ಸ್ವಲ್ಪ ತಿಳಿಯೋಣ.

1940ರ ಬೇಸಿಗೆ. ಯೂರೋಪಿನಲ್ಲಿ ಜರ್ಮನಿಯ ಸೇನೆ ಮಿಂಚಿನಂತೆ ಮುನ್ನುಗ್ಗುತ್ತಿತ್ತು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ, ಆದರೆ ಅದರ ಸೇನೆಗೆ ಒಂದು ಹಗುರವಾದ, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹರಿಯುವ ಪುಟ್ಟ ವಾಹನ ತುರ್ತಾಗಿ ಬೇಕಾಗಿತ್ತು. ಜುಲೈನಲ್ಲಿ 135 ಕಂಪೆನಿಗಳಿಗೆ ಆಹ್ವಾನ ಹೋಯಿತು. ಮಾದರಿ ವಾಹನ ತಯಾರಿಸಲು ಕೊಟ್ಟ ಅವಧಿ ಕೇವಲ 49 ದಿನ! ಹೆಚ್ಚಿನವರು ಇದು ಆಗದ ಕೆಲಸವೆಂದು ಸುಮ್ಮನಾದರು. ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಅಮೆರಿಕನ್ ಬ್ಯಾಂಟಮ್ ಎಂಬ ಸಣ್ಣ ಕಂಪೆನಿ, ದಿವಾಳಿಯ ಅಂಚಿನಲ್ಲಿದ್ದರೂ, ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನ್ನು ಕರೆಸಿಕೊಂಡು ನಕ್ಷೆ ಬರೆಸಿತು. 1940ರ ಸೆಪ್ಟೆಂಬರ್ 23ರಂದು, ಗಡುವು ಮುಗಿಯುವ ದಿನವೇ, ಅದರ ಮಾದರಿ ಮೇರಿಲ್ಯಾಂಡಿನ ಹೋಲಾಬರ್ಡ್ ಸೇನಾ ಶಿಬಿರವನ್ನು ತಲುಪಿತು.

ಮುಂದಿನ ಕಥೆ ಬ್ಯಾಂಟಮ್ ಪಾಲಿಗೆ ಅಷ್ಟು ಸುಖದ್ದಲ್ಲ. ವಿಲ್ಲಿಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪೆನಿಗಳೂ ತಮ್ಮ ಮಾದರಿಗಳನ್ನು ತಂದವು. ವಿಲ್ಲಿಸ್‌ನ "ಗೋ ಡೆವಿಲ್" ಎಂಜಿನ್ 2.2 ಲೀಟರಿನದು, 60 ಅಶ್ವಶಕ್ತಿಯದು. ಉಳಿದ ಎರಡಕ್ಕಿಂತ ಬಲಿಷ್ಠ. 1941ರಲ್ಲಿ ದೊಡ್ಡ ಗುತ್ತಿಗೆ ವಿಲ್ಲಿಸ್‌ಗೆ ಹೋಯಿತು. ಒಂದೇ ಕಾರ್ಖಾನೆಯಿಂದ ಸಾಲದೆಂದು ಅದೇ ನಕ್ಷೆಯನ್ನು ಫೋರ್ಡ್‌ಗೂ ಕೊಡಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ ವಿಲ್ಲಿಸ್ ಸುಮಾರು 3,60,000, ಫೋರ್ಡ್ ಸುಮಾರು 2,78,000 ಜೀಪುಗಳನ್ನು ತಯಾರಿಸಿದ್ದವು. ಮೊದಲು ಮಾಡಿ ತೋರಿಸಿದ ಬ್ಯಾಂಟಮ್‌ಗೆ ಉಳಿದದ್ದು ಜೀಪಿನ ಹಿಂದೆ ಕಟ್ಟುವ ಟ್ರೈಲರ್ ಮಾಡುವ ಕೆಲಸ! ಜೀಪನ್ನು ಸೃಷ್ಟಿಸಿದ್ದು ತಾನೇ ಎಂದು ವಿಲ್ಲಿಸ್ ಜಾಹೀರಾತು ಮಾಡುತ್ತಿದ್ದುದು ಸರಿಯಲ್ಲವೆಂದು 1948ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ತೀರ್ಮಾನಿಸಿತು. ಅಷ್ಟರಲ್ಲಿ ಕಾಲ ಮಿಂಚಿತ್ತು.

ವಿಲ್ಲಿಸ್ ತಯಾರಿಸಿದ ಜೀಪಿಗೆ "ಎಂಬಿ" ಎಂದೂ ಫೋರ್ಡ್‌ನದಕ್ಕೆ "ಜಿಪಿಡಬ್ಲ್ಯೂ" ಎಂದೂ ಹೆಸರು. "ಜಿಪಿ" ಎಂದರೆ ಜನರಲ್ ಪರ್ಪಸ್ ಎಂದು ಅನೇಕ ಪುಸ್ತಕಗಳಲ್ಲಿ ಓದಿರುತ್ತೀರಿ. ಫೋರ್ಡ್‌ನ ಸಂಕೇತದಲ್ಲಿ ಹಾಗಿಲ್ಲ. ಅಲ್ಲಿ "ಜಿ" ಎಂದರೆ ಸರಕಾರದ್ದು, "ಪಿ" ಎಂದರೆ 80 ಅಂಗುಲ ಗಾಲಿಯಂತರದ ವಾಹನ, "ಡಬ್ಲ್ಯೂ" ಎಂದರೆ ವಿಲ್ಲಿಸ್ ನಕ್ಷೆ. ಈ 80 ಅಂಗುಲವನ್ನು ಜ್ಞಾಪಕದಲ್ಲಿಡಿ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಟೇಪು ಹಿಡಿದರೆ 2032 ಮಿಲಿಮೀಟರ್ ಬರಬೇಕು. ಬಾರದಿದ್ದರೆ 1942ರ ಮಾತು ಅಲ್ಲಿಗೇ ಮುಗಿಯಿತು. ಬಂದರೆ ಪರೀಕ್ಷೆ ಈಗಷ್ಟೇ ಆರಂಭವಾಯಿತು, ಏಕೆಂದರೆ ಯುದ್ಧದ ನಂತರ ನಾಗರಿಕರಿಗಾಗಿ ಬಂದ ಜೀಪುಗಳಲ್ಲೂ ಹಲವಕ್ಕೆ ಇದೇ ಅಳತೆ ಇತ್ತು.

ಯುದ್ಧಕಾಲದ ಜೀಪಿನ ಮುಖದಲ್ಲಿ ಒಂಬತ್ತು ಸೀಳುಗಳಿರುತ್ತವೆ. 1945ರಿಂದ ಬಂದ ನಾಗರಿಕ ಜೀಪಿಗೆ ಏಳು. (ವಿಲ್ಲಿಸ್‌ನ ಮೊದಲ ಸುಮಾರು 25,000 ಜೀಪುಗಳಿಗೆ ಮಾತ್ರ ಸೀಳುಗಳ ತಗಡಿನ ಬದಲು ಬೆಸೆದ ಕಬ್ಬಿಣದ ಪಟ್ಟಿಗಳಿದ್ದವು.) ಹೆಡ್‌ಲೈಟುಗಳು ಚಿಕ್ಕವು, ಮುಖದ ತಗಡಿನಿಂದ ಸ್ವಲ್ಪ ಒಳಗೆ ಕೂತಿರುತ್ತವೆ, ಕೀಲಿನ ಮೇಲೆ ಹಿಂದಕ್ಕೆ ತಿರುಗಿ ರಾತ್ರಿ ಎಂಜಿನ್ ದುರಸ್ತಿಗೆ ಬೆಳಕು ಕೊಡುತ್ತವೆ. ಪೆಟ್ರೋಲ್ ಟ್ಯಾಂಕು ಚಾಲಕನ ಸೀಟಿನ ಕೆಳಗಿರುತ್ತದೆ. ಹಿಂದೆ ತೆರೆಯುವ ಬಾಗಿಲಿಲ್ಲ. ಸ್ಟೆಪ್ನಿ ಅಲ್ಲೇ ನೇತಾಡುತ್ತದೆ. ನಾಗರಿಕ ಜೀಪಿನಲ್ಲಿ ಹಿಂಬಾಗಿಲು ಬಂತು, ಸ್ಟೆಪ್ನಿ ಪಕ್ಕಕ್ಕೆ ಸರಿಯಿತು. ಇನ್ನು ಬಣ್ಣ. ಸೇನೆಯ ಬಣ್ಣ ಹೊಳೆಯುವಂತಿರಲಿಲ್ಲ. ಬಿಸಿಲಿಗೆ ಮಿನುಗುವ ವಾಹನ ವೈರಿಯ ವಿಮಾನಕ್ಕೆ ದೂರದಿಂದಲೇ ಕಾಣುತ್ತದಲ್ಲವೆ? ಹೊಳಪೇ ಇಲ್ಲಿ ಮೊದಲ ಅನುಮಾನ.

ಆದರೆ ಇವೆಲ್ಲ ಹೊರಗಿನ ಗುರುತುಗಳು. ಒಂಬತ್ತು ಸೀಳಿನ ತಗಡನ್ನು ಯಾರು ಬೇಕಾದರೂ ಮಾಡಿಸಿ ತೊಡಿಸಬಹುದು. ಡ್ಯಾಷ್‌ಬೋರ್ಡಿನಲ್ಲಿ ಇರುವ ಮಾಹಿತಿ ಫಲಕಗಳ ನಕಲು ಕೂಡ ದುಡ್ಡಿಗೆ ಸಿಗುತ್ತದೆ. ಅದಕ್ಕೇ ಜಾಣರು ಮೇಲೆ ನೋಡುವುದಿಲ್ಲ, ಕೆಳಗೆ ಮಲಗುತ್ತಾರೆ. ವಾಹನದ ಬೆನ್ನೆಲುಬು ಚಾಸಿಸ್. ರೇಡಿಯೇಟರಿನ ಕೆಳಗೆ ಎರಡು ತೊಲೆಗಳನ್ನು ಜೋಡಿಸುವ ಅಡ್ಡ ತೊಲೆ ವಿಲ್ಲಿಸ್‌ನಲ್ಲಿ ದುಂಡನೆಯ ಕೊಳವೆ. ಫೋರ್ಡ್‌ನಲ್ಲಿ ಬೋರಲು ಹಾಕಿದ ದೋಣಿಯಂತಹ ಚೌಕದ ಪಟ್ಟಿ. ಫೋರ್ಡ್ ತನ್ನ ಸಂಖ್ಯೆಯನ್ನು ಎಡಗಡೆಯ ತೊಲೆಯ ಮೇಲ್ಮೈಯಲ್ಲಿ ನೇರವಾಗಿ ಅಚ್ಚೊತ್ತಿತು. ಕಾರ್ಖಾನೆಯಿಂದ ಹೊರಡುವಾಗ ಎಂಜಿನ್ ಮೇಲೂ ಅದೇ ಸಂಖ್ಯೆ. ವಿಲ್ಲಿಸ್ ಒಂದು ಸಣ್ಣ ಫಲಕವನ್ನು ಮುಂದಿನ ಬಂಪರಿನ ಹಿಂದೆ, ಎಡ ತೊಲೆಯ ಒಳಮೈಗೆ ರಿವೆಟ್ ಹೊಡೆದು ಕೂರಿಸಿತು. ಅದರ ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ಬೇರೆ ಬೇರೆ. ಆದ್ದರಿಂದ "ಎರಡೂ ಸಂಖ್ಯೆ ಒಂದೇ ಇದೆ" ಎಂದು ಹೊಗಳಿ ವಿಲ್ಲಿಸ್ ಮಾರಲು ಬಂದವರನ್ನು ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತದೆ. ಫೋರ್ಡ್ ಇನ್ನೂ ಒಂದು ಉಪಕಾರ ಮಾಡಿದೆ. ತನ್ನ ಬಿಡಿಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೆ ಕೂಡ, "ಎಫ್" ಅಕ್ಷರ ಒತ್ತಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ವಿಲ್ಲಿಸ್ ಜೀಪಿನಲ್ಲಿ ಫೋರ್ಡ್ ಬೋಲ್ಟು ಕಂಡ ಮಾತ್ರಕ್ಕೆ ಅದು ಮೋಸವಲ್ಲ. ಎರಡೂ ಕಂಪೆನಿಗಳ ಬಿಡಿಭಾಗ ಒಂದಕ್ಕೊಂದು ಹೊಂದಬೇಕೆಂಬುದೇ ಸೇನೆಯ ಷರತ್ತಾಗಿತ್ತು. ಯುದ್ಧರಂಗದ ಹಿಂದಿನ ವರ್ಕ್‌ಷಾಪುಗಳಲ್ಲಿ ಮುರಿದ ಎರಡು ಗಾಡಿಯಿಂದ ಒಂದನ್ನು ಮಾಡಿ ಓಡಿಸುತ್ತಿದ್ದರು. ಬರ್ಮಾದಲ್ಲಿ ಜೀಪಿಗೆ ರೈಲಿನ ಚಕ್ರ ತೊಡಿಸಿ ಹಳಿಯ ಮೇಲೆ ಬೋಗಿ ಎಳೆಸಿದ್ದೂ ಉಂಟು! ಅಂತಹ ಬೆರಕೆ ಆ ಜೀಪಿನ ಜೀವನಚರಿತ್ರೆಯ ಒಂದು ಅಧ್ಯಾಯವೇ ಹೊರತು ಕಳಂಕವಲ್ಲ. ನಿನ್ನೆ ಮೊನ್ನೆ ಮಾರಾಟಕ್ಕೆಂದೇ ಜೋಡಿಸಿದ ಬೆರಕೆ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಭಾರತದಲ್ಲಿ ಈ ಬೆರಕೆಗೆ ಇನ್ನೊಂದು ಕಾರಣವಿದೆ. ಯುದ್ಧ ಮುಗಿದ ಮೇಲೆ ಸೇನೆ ಬಿಟ್ಟುಕೊಟ್ಟ ಜೀಪುಗಳು ಡಿಸ್ಪೋಸಲ್‌ನಲ್ಲಿ ಮಾರಾಟವಾದವು. 1947ರಲ್ಲಿ, ಮುಂದೆ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರಾದ ಸಂಸ್ಥೆ, ವಿಲ್ಲಿಸ್ ಜೀಪುಗಳನ್ನು ಇಲ್ಲಿಯೇ ಜೋಡಿಸಲು ಆರಂಭಿಸಿತು. ನಮ್ಮ ಮಲೆನಾಡಿನ, ಕೊಡಗಿನ ಕಾಫಿ ತೋಟಗಳ ಕೆಸರುದಾರಿಗಳಲ್ಲಿ ಏದುಸಿರು ಬಿಡುತ್ತ ಏರಿದ ಜೀಪುಗಳನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಮಹೀಂದ್ರ ಬಹುಕಾಲ ತಯಾರಿಸಿದ್ದು ಸಿಜೆ-3ಬಿ ಎಂಬ ಮಾದರಿಯನ್ನು. ಅದರ ಬಾನೆಟ್ಟು ಯುದ್ಧಕಾಲದ ಜೀಪಿಗಿಂತ ಎತ್ತರ. ಕಾರಣ ಸರಳ. ಗೋ ಡೆವಿಲ್ ಎಂಜಿನ್ನಿನಲ್ಲಿ ಕವಾಟಗಳು ಸಿಲಿಂಡರಿನ ಪಕ್ಕದಲ್ಲಿದ್ದವು; ಹೊಸ ಎಂಜಿನ್ನಿನಲ್ಲಿ ಒಳಸೇರುವ ಕವಾಟ ಮೇಲೆ ಬಂದು ಎಂಜಿನ್ ಎತ್ತರವಾಯಿತು, ಬಾನೆಟ್ಟೂ ಏರಿತು. ಮುಂದೆ ಡೀಸೆಲ್ ಅಗ್ಗವೆಂದು ಎಷ್ಟೋ ಮಂದಿ ಹಳೆಯ ಜೀಪಿಗೆ ಡೀಸೆಲ್ ಎಂಜಿನ್, ಕೆಲವೊಮ್ಮೆ ಟ್ರ್ಯಾಕ್ಟರಿನ ಎಂಜಿನ್ನನ್ನೇ, ಕೂರಿಸಿದರು. ಹರಿಯಾಣದ ಮಂಡಿ ಡಬ್ವಾಲಿಯಂತಹ ಊರುಗಳು ಹೊಸ ತಗಡಿನಲ್ಲಿ ಜೀಪು ಕಟ್ಟಿಕೊಡುವುದಕ್ಕೇ ಹೆಸರಾದವು. ಅವು ಕೆಟ್ಟ ವಾಹನಗಳೆಂದು ನಾನು ಹೇಳುತ್ತಿಲ್ಲ. ಅವುಗಳಿಗೆ ನಕ್ಷತ್ರ ಬಳಿದು 1942 ಎನ್ನುವುದಕ್ಕೆ ಮಾತ್ರ ನನ್ನ ಆಕ್ಷೇಪ.

ದುರಸ್ತಿ ಮಾಡಿದ ಹಳೆಯ ಜೀಪನ್ನು ನೋಡದೆ ಕೊಂಡರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದ ಇತಿಹಾಸದಲ್ಲೇ ದೊಡ್ಡ ಉದಾಹರಣೆಯಿದೆ. 1948ರಲ್ಲಿ ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿತ್ತು. ಸೇನೆಗೆ ಜೀಪುಗಳು ಬೇಕಾಗಿದ್ದವು. ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್, ರೂಢಿಯ ನಿಯಮಗಳನ್ನು ಬದಿಗಿರಿಸಿ, ಸುಮಾರು 80 ಲಕ್ಷ ರೂಪಾಯಿಗಳ ಒಪ್ಪಂದಕ್ಕೆ ಸಹಿ ಹಾಕಿದರು. ಹಣದ ಬಹುಭಾಗ ಮುಂಗಡವಾಗಿಯೇ ಸಂದಾಯವಾಯಿತು. ಬಂದದ್ದು 155 ಜೀಪು. ಅವನ್ನು ಪರೀಕ್ಷಿಸಿದ ಸೇನಾಧಿಕಾರಿಗಳು ಬಳಕೆಗೆ ಯೋಗ್ಯವಲ್ಲವೆಂದರು. ಸಂಸತ್ತಿನಲ್ಲಿ ಕೋಲಾಹಲವಾಯಿತು. 1955ರ ಸೆಪ್ಟೆಂಬರಿನಲ್ಲಿ ಸರಕಾರ ಪ್ರಕರಣ ಮುಗಿಯಿತೆಂದು ಪ್ರಕಟಿಸಿತು. 1956ರಲ್ಲಿ ಮೆನನ್ ಕೇಂದ್ರ ಸಂಪುಟ ಸೇರಿದರು. ಸ್ವತಂತ್ರ ಭಾರತದ ಮೊದಲ ಹಗರಣವೆಂದು ರಾಜಕೀಯ ಇತಿಹಾಸಕಾರರು ಇದನ್ನು ಚರ್ಚಿಸುತ್ತಾರೆ. ನನ್ನಂತಹ ವಿಜ್ಞಾನದ ವಿದ್ಯಾರ್ಥಿಗೆ ಕಾಣುವುದು ಇಷ್ಟು: ವಾಹನದ ಅಡಿಯಲ್ಲಿ ಯಾರೋ ಮಲಗಿ ನೋಡುವುದಕ್ಕೆ ಮೊದಲೇ ಹಣ ಕೈಬಿಟ್ಟಿತ್ತು.

ಹಾಗಾದರೆ ನಮ್ಮ ಹಸಿರು ಜೀಪಿನ ಬಗ್ಗೆ ಏನು ಹೇಳೋಣ? ರಸಾಯನಶಾಸ್ತ್ರದ ಮೊದಲ ಪಾಠಗಳಲ್ಲಿ ಹಿಂದಿರುಗಿಸಬಹುದಾದ ಬದಲಾವಣೆ, ಹಿಂದಿರುಗಿಸಲಾಗದ ಬದಲಾವಣೆ ಎಂದು ಓದಿರುತ್ತೀರಿ. ಮಂಜುಗಡ್ಡೆ ಕರಗಿದರೆ ಮತ್ತೆ ಹೆಪ್ಪುಗಟ್ಟಿಸಬಹುದು, ಸುಟ್ಟ ಕಾಗದವನ್ನು ಮತ್ತೆ ಕಾಗದ ಮಾಡಲಾಗದು. ಕೆಟ್ಟ ದುರಸ್ತಿಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. ತಪ್ಪು ಬಣ್ಣವನ್ನು ಕೆರೆದು ತೆಗೆಯಬಹುದು. ಮೂಲದ 6 ವೋಲ್ಟ್ ವಿದ್ಯುತ್ ವ್ಯವಸ್ಥೆಯನ್ನು 12ಕ್ಕೆ ಬದಲಿಸಿದ್ದರೆ ಮತ್ತೆ ಬದಲಿಸಬಹುದು, ಹಾಗೆಯೇ ಬಿಟ್ಟರೂ ಗಾಡಿ ಓಡುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಎರಡನೆಯ ಗಿಯರ್ ತಾನಾಗಿ ಜಾರಿ ನ್ಯೂಟ್ರಲ್‌ಗೆ ಬಂದರೆ ಗಿಯರ್ ಬಾಕ್ಸ್ ಸವೆದಿದೆ ಎಂದರ್ಥ. ದುಡ್ಡಿನ ಬಾಬ್ತು, ಆದರೆ ವಾಸಿಯಾಗುವ ಕಾಯಿಲೆ. ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲರ್ ಶಾಫ್ಟ್ ಅಲ್ಲಿದೆಯೇ ಎಂದು ಬಗ್ಗಿ ನೋಡಿ. ಎಷ್ಟೋ ಜೀಪುಗಳಲ್ಲಿ ಅದನ್ನು ಕಳಚಿ ಎಲ್ಲೋ ಬಿಸಾಡಿರುತ್ತಾರೆ. ಅದಿಲ್ಲದೆ ಅದು ಜೀಪಿನ ವೇಷದ ಸಾಧಾರಣ ಗಾಡಿ.

ಮೈ ತಗಡು ಕಷ್ಟದ ವಿಷಯ. ನೆಲದ ತಗಡಿನ ಕೆಳಗೆ ಬಲಕ್ಕಾಗಿ ಕೊಟ್ಟ ಪಟ್ಟಿಗಳ ಒಳಗೆ ಮರದ ತುಂಡುಗಳಿದ್ದವು. ಮರ ನೀರು ಹಿಡಿಯಿತು, ಪಟ್ಟಿ ಒಳಗಿನಿಂದಲೇ ತುಕ್ಕು ಹಿಡಿಯಿತು. ಅವಸರದ ಟಿಂಕರಿಂಗ್ ಕೆಲಸದವರು ಇದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುತ್ತಾರೆ. ಇದನ್ನು ಕಂಡುಹಿಡಿಯಲು ಒಂದು ಸಣ್ಣ ಆಯಸ್ಕಾಂತ ಸಾಕು. ಅದಕ್ಕೆ ತೆಳುವಾದ ಬಟ್ಟೆ ಸುತ್ತಿ ಮೈಮೇಲೆ ಸರಿಸುತ್ತ ಹೋಗಿ. ಆಯಸ್ಕಾಂತದ ಸೆಳೆತ ದೂರ ಹೆಚ್ಚಿದಂತೆ ಬಹುಬೇಗ ಕುಗ್ಗುತ್ತದೆ. ಪುಟ್ಟಿ ಕೆಲವೇ ಮಿಲಿಮೀಟರ್ ದಪ್ಪವಿದ್ದರೂ ಕೈಗೆ ವ್ಯತ್ಯಾಸ ತಿಳಿಯುತ್ತದೆ. ಅಂತಹ ಜಾಗ ನಾಲ್ಕಾರಿದ್ದರೆ ಬೆಲೆ ಇಳಿಸಿ ಮಾತಾಡಿ. ಇಡೀ ಮೈ ಹಾಗೇ ಇದ್ದರೆ ಮೈಗೆ ಬೆಲೆಯೇ ಇಲ್ಲವೆಂದು ಲೆಕ್ಕ ಹಾಕಿ, ಚಾಸಿಸ್ಸಿಗೆ ಮಾತ್ರ ಬೆಲೆ ಕಟ್ಟಿ.

ಹಿಂದಿರುಗಿಸಲಾಗದ್ದು ಚಾಸಿಸ್ಸಿಗೆ ಆದ ಹಾನಿ. ದೊಡ್ಡ ಎಂಜಿನ್ ಕೂರಿಸಲು ಅಡ್ಡ ತೊಲೆ ಕತ್ತರಿಸಿದ್ದರೆ, ಉದ್ದ ಮಾಡಲು ತೊಲೆಗೆ ತುಂಡು ಬೆಸೆದಿದ್ದರೆ, ಸಂಖ್ಯೆಯನ್ನು ಗ್ರೈಂಡರಿನಿಂದ ಉಜ್ಜಿದ್ದರೆ, ಅಲ್ಲಿ ದಾಖಲೆಯೇ ನಾಶವಾಗಿದೆ. ಈಗ ಕಾನೂನು ಕೂಡ ಇದನ್ನೇ ನೋಡುತ್ತದೆ. 2021ರಲ್ಲಿ ಕೇಂದ್ರ ಸರಕಾರ ತಂದ ನಿಯಮದಂತೆ 50 ವರ್ಷ ಮೀರಿದ ವಾಹನವನ್ನು "ವಿಂಟೇಜ್" ಎಂದು ಪ್ರತ್ಯೇಕವಾಗಿ ನೋಂದಾಯಿಸಬಹುದು. ಆದರೆ ಚಾಸಿಸ್, ಮೈ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಟ್ರ್ಯಾಕ್ಟರ್ ಎಂಜಿನ್ನಿನ ಜೀಪು, ನಕ್ಷತ್ರ ಎಷ್ಟೇ ದೊಡ್ಡದಾಗಿ ಬರೆದಿದ್ದರೂ, ಅಲ್ಲಿ ನಪಾಸು.

ಆದ್ದರಿಂದ ನಾನಾದರೆ ಹೀಗೆ ಮಾಡುತ್ತೇನೆ. ಬಣ್ಣ ಸುಲಿದ, ಸೀಟಿಲ್ಲದ, ಎಂಜಿನ್ ಜಡ್ಡುಗಟ್ಟಿದ ಜೀಪಿನಲ್ಲಿ ತೊಲೆ ನೇರವಾಗಿದ್ದು, ಸಂಖ್ಯೆ ಸ್ಪಷ್ಟವಾಗಿದ್ದು, ಅದು ಆರ್.ಸಿ. ಪುಸ್ತಕದೊಡನೆ ಹೊಂದಿದರೆ, ದುರಸ್ತಿಯ ಖರ್ಚನ್ನು ಮೆಕ್ಯಾನಿಕ್‌ನಿಂದ ಬರೆಸಿಕೊಂಡು, ಅದನ್ನು ಕಳೆದು ಬೆಲೆ ಹೇಳುತ್ತೇನೆ. ಥಳಥಳಿಸುವ ಜೀಪಿನಲ್ಲಿ ಸಂಖ್ಯೆಯ ಜಾಗ ನುಣ್ಣಗಿದ್ದರೆ ಚಹಾ ಕುಡಿದು, ನಮಸ್ಕಾರ ಹೇಳಿ ಬರುತ್ತೇನೆ. ಕೊಂಡವರಿಗೆ ಇನ್ನೊಂದು ಕೆಲಸವಿದೆ. ಹೊಸ ಬಣ್ಣ ಹೊಡೆಯುವ ಮೊದಲು ಹಳೆಯದನ್ನು ಒಂದು ಅಂಗೈಯಗಲ ಜಾಗದಲ್ಲಿ ಮೆಲ್ಲಗೆ ಪದರ ಪದರವಾಗಿ ಉಜ್ಜಿ, ಯಾವ ಬಣ್ಣದ ಕೆಳಗೆ ಯಾವುದಿತ್ತು ಎಂದು ಫೋಟೋ ತೆಗೆದಿಟ್ಟುಕೊಳ್ಳಿ. ಬಿಚ್ಚಿದ ಬೋಲ್ಟುಗಳನ್ನು ಗುಜರಿಗೆ ಹಾಕುವ ಮೊದಲು ಅವುಗಳ ತಲೆಯನ್ನೊಮ್ಮೆ ಒರೆಸಿ ನೋಡಿ.