ಹೊಗೆಯ ಹಾದಿ

ಸ್ವಾತಂತ್ರ್ಯಾನಂತರದ ಭಾರತದಲ್ಲಿ ಅಣೆಕಟ್ಟುಗಳೂ ಕಾರ್ಖಾನೆಗಳೂ ಬಹುಮಹಡಿಯ ಸೌಧಗಳೂ ಒಂದರ ಬೆನ್ನಿಗೊಂದು ಮೇಲೇಳುತ್ತಿದ್ದ ಕಾಲದಲ್ಲಿ, ಊರೂರಿಗೂ ಭಿನ್ನವಾಗಿದ್ದ ಕಟ್ಟಡದ ನಿಯಮಗಳಿಗೆ ಸಮಾನವಾದ ಆಧಾರವನ್ನೊದಗಿಸಲೆಂದು 1970ರಲ್ಲಿ ಪ್ರಕಟವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯು ತನ್ನ ನಾಲ್ಕನೆಯ ಭಾಗವನ್ನು ಅಗ್ನಿರಕ್ಷಣೆಗೆಂದೇ ಮೀಸಲಿರಿಸಿತು. ಆದರೆ ಅದು ಶಿಫಾರಸೇ ಹೊರತು ಶಾಸನವಲ್ಲ. ರಾಜ್ಯಗಳೂ ನಗರಸಭೆಗಳೂ ತಮ್ಮ ಉಪವಿಧಿಗಳಲ್ಲಿ ಅಳವಡಿಸಿಕೊಂಡಲ್ಲದೆ ಅದಕ್ಕೆ ಬಲವಿಲ್ಲ.

ಜ್ವಾಲೆಗಿಂತ ಧೂಮವೇ ಘೋರತರವೆಂಬುದನ್ನು ನಾವು ಪ್ರಾಣಗಳನ್ನು ತೆತ್ತೇ ಅರಿಯಬೇಕಾಯಿತು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ಕೆಳ ಅಂತಸ್ತಿನ ಟ್ರಾನ್ಸ್‌ಫಾರ್ಮರಿನಿಂದ ಹಬ್ಬಿದ ಬೆಂಕಿಯ ಹೊಗೆಯು ಮೆಟ್ಟಿಲುಗಳ ದಾರಿ ಹಿಡಿದು ಬಾಲ್ಕನಿಗೇರಿ, ಹೆಚ್ಚುವರಿ ಆಸನಗಳಿಂದಾಗಿ ನಿರ್ಗಮನಮಾರ್ಗವೇ ಇಕ್ಕಟ್ಟಾಗಿದ್ದ ಆ ಸಭಾಂಗಣದಲ್ಲಿ 59 ಮಂದಿಯನ್ನು ಉಸಿರುಗಟ್ಟಿಸಿ ಕೊಂದಿತು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿಯೂ, ವಿದ್ಯುತ್ತಂತಿಗಳು ಹಾದುಹೋಗುವ ಕೊಳವೆಗೂಡಿನಿಂದ ಹೊಗೆಯು ಮಹಡಿಯಿಂದ ಮಹಡಿಗೆ ವ್ಯಾಪಿಸಿ 9 ಮಂದಿ ಅಸುನೀಗಿದರು. ಪ್ರಾಣಭಯದಿಂದ ಕಿಟಕಿಯಾಚೆ ಧುಮುಕಿದವರೂ ಅವರಲ್ಲಿದ್ದರು. ಅಂಥ ಗೂಡನ್ನು ಪ್ರತಿ ಮಹಡಿಯ ಮಟ್ಟದಲ್ಲಿಯೂ ಅಗ್ನಿನಿರೋಧಕ ವಸ್ತುವಿನಿಂದ ಮುಚ್ಚುವುದು ಸೌಧದ ಒಟ್ಟು ವೆಚ್ಚದ ಮುಂದೆ ಅತ್ಯಲ್ಪವಾದ ಕಾರ್ಯ. ಗೋಡೆಯೊಳಗೆ ಅಡಗಿ ಯಾರ ಕಣ್ಣಿಗೂ ಬೀಳದಿರುವುದರಿಂದಲೇ ಅದು ಉಪೇಕ್ಷೆಗೆ ಒಳಗಾಗುತ್ತದೆಂಬುದು ನನ್ನ ದೃಢವಾದ ಭಾವನೆ.

2016ರ ಪರಿಷ್ಕೃತ ಸಂಹಿತೆಯಲ್ಲಿ, ಮೆಟ್ಟಿಲಗೂಡಿನೊಳಗೆ ಗಾಳಿಯ ಒತ್ತಡವನ್ನು ಹೆಚ್ಚಿಸಿ ಹೊಗೆಯನ್ನು ಹೊರಗೇ ತಡೆಯುವ ವಿಧಾನವೂ, ನೆಲಮಾಳಿಗೆಯ ಹೊಗೆಯನ್ನು ಯಂತ್ರಗಳಿಂದ ಹೊರದೂಡುವ ವಿಧಾನವೂ ಸವಿಸ್ತಾರವಾಗಿ ನಿರೂಪಿತವಾಗಿವೆ.